ನೀಲಿ ಉರಿಗೆ ಚಾಚಿದ ಕಡ್ಡಿ

ದೇವನಹಳ್ಳಿ

ಮೇಲೂರಿನ ಹಿಪ್ಪುನೇರಳೆ ತೋಟದಲ್ಲಿ ನಿಂತು ತಲೆ ಎತ್ತಿದರೆ ವಿಮಾನದ ಹೊಟ್ಟೆ ಕಾಣುತ್ತದೆ. ಇಳಿಯುವ ವಿಮಾನವಾದರೆ ಚಕ್ರವೂ ಕಾಣುತ್ತದೆ. ದಿನವಿಡೀ ನೋಡಿ ನೋಡಿ ನಮ್ಮ ಕಡೆಯವರಿಗೆ ಅದರ ಮೇಲೆ ಭಯವೂ ಇಲ್ಲ, ಭಕ್ತಿಯೂ ಇಲ್ಲ. ನಾನು ಜರ್ಮನಿಗೆ ಹೊರಟ ದಿನ ನಮ್ಮತ್ತೆ ಗೇಟಿನವರೆಗೆ ಬಂದು, ಶಿಡ್ಲಘಟ್ಟದ ಸಂತೆಗೆ ಹೋಗುವವಳನ್ನು ಕಳಿಸಿಕೊಡುವ ಹಾಗೆ, ಬೇಗ ಬಂದುಬಿಡಮ್ಮ ಎಂದು ಹೇಳಿ ಒಳಗೆ ಹೋದರು. ಸೊಪ್ಪು ಹಾಕುವ ಹೊತ್ತಾಗಿತ್ತು. ರೇಷ್ಮೆ ಹುಳುವಿಗೆ ಸೊಸೆ ಎಲ್ಲಿಗೆ ಹೋದರೇನು?

ನಾನು ಮಾಡುವ ಕೆಲಸವನ್ನು ಅತ್ತೆಗೆ ಒಮ್ಮೆ ವಿವರಿಸಿದ್ದೆ. ಉಪಗ್ರಹ ಮೇಲೆ ಹೋದ ಮೇಲೆ ಇಟ್ಟ ಜಾಗದಲ್ಲೇ ಇರುವುದಿಲ್ಲ, ಮೆಲ್ಲಗೆ ಕೆಳಗೆ ಜಾರುತ್ತದೆ, ಅದನ್ನು ಆಗಾಗ ತಳ್ಳುತ್ತಿರಬೇಕು. ತಳ್ಳುವುದಕ್ಕೆಂದು ನಾವು ಒಂದು ಪುಟ್ಟ ಎಂಜಿನ್ ಮಾಡುತ್ತಿದ್ದೇವೆ. ಅದಕ್ಕೆ ಪೆಟ್ರೋಲು ಬೇಡ, ಹೊಗೆಯೂ ಬರುವುದಿಲ್ಲ. ಝೆನಾನ್ ಎಂಬ ಅನಿಲಕ್ಕೆ ಕರೆಂಟು ಕೊಟ್ಟರೆ ಅದರ ಕಣಗಳು ಒಡೆದು, ವಿದ್ಯುತ್ತು ತುಂಬಿಕೊಂಡು, ನೀಲಿಯಾಗಿ ಹೊಳೆಯುತ್ತವೆ. ಆ ಸ್ಥಿತಿಗೆ ಪ್ಲಾಸ್ಮಾ ಎಂದು ಹೆಸರು. ಆ ನೀಲಿ ಉರಿ ಹಿಂದಕ್ಕೆ ಚಿಮ್ಮಿದರೆ ಉಪಗ್ರಹ ಮುಂದಕ್ಕೆ ಹೋಗುತ್ತದೆ. ಉರಿಯಲ್ಲಿ ಎಷ್ಟು ಕಣಗಳಿವೆ ಎಂದು ತಿಳಿಯಲು ನಾನು ಅದರೊಳಗೆ ಒಂದು ಕಡ್ಡಿ ಇಡುತ್ತೇನೆ. ಅದಕ್ಕೆ ಪ್ರೋಬ್ ಎನ್ನುತ್ತಾರೆ. ಕೂದಲೆಳೆಯಂಥ ಟಂಗ್‌ಸ್ಟನ್ ತಂತಿ, ಸುತ್ತ ಪಿಂಗಾಣಿಯ ಕೊಳವೆ, ತುದಿಯಲ್ಲಿ ಮಾತ್ರ ಅಕ್ಕಿಕಾಳಿನಷ್ಟು ತಂತಿ ಬತ್ತಲೆ. ವೋಲ್ಟೇಜು ಏರಿಸುತ್ತಾ ಹೋಗಿ, ಆ ಬತ್ತಲೆ ತುದಿ ಎಷ್ಟು ಕರೆಂಟು ಹಿಡಿಯುತ್ತದೆ ಎಂದು ನೋಡಿ ಲೆಕ್ಕ ಹಾಕುತ್ತೇನೆ. ತುದಿಯ ಉದ್ದ ಖಚಿತವಾಗಿ ಗೊತ್ತಿದ್ದರೆ ಮಾತ್ರ ಲೆಕ್ಕ ಸರಿ. ಸೇರು ಎಷ್ಟು ದೊಡ್ಡದೆಂದು ಗೊತ್ತಿಲ್ಲದೆ ರಾಗಿ ಅಳೆಯಲು ಆಗುತ್ತದೆಯೇ? ಇಷ್ಟೆಲ್ಲ ಕೇಳಿದ ಅತ್ತೆ, ಬೆಂಕಿಗೆ ಕಡ್ಡಿ ಹಿಡಿದು ಸಂಬಳ ತಗೋತೀಯ ಅನ್ನು, ಎಂದು ನಕ್ಕಿದ್ದರು.

ಎಂಜಿನ್ ನಾರಾಯಣಸ್ವಾಮಿ ಸಾರ್ ಅವರದು. ಅವರು ಚಿಂತಾಮಣಿ ಕಡೆ, ಅಂಬಾಜಿದುರ್ಗದ ಕೆಳಗಿನ ಹಳ್ಳಿಯವರು. ನಮ್ಮದು ಸಣ್ಣ ಕಂಪನಿ, ತೊಂಡೇಬಾವಿಯ ಹತ್ತಿರ ಒಂದು ಶೆಡ್ಡು. ರೈಲು ಹಾದುಹೋಗುವಾಗ ಮೇಜು ನಡುಗುತ್ತದೆ, ಆಗ ಅಳತೆ ನಿಲ್ಲಿಸಿ ಟೀ ಕುಡಿಯುತ್ತೇವೆ. ಆ ಶೆಡ್ಡಿನಲ್ಲಿ ಸಾರ್ ತಮ್ಮ ತಲೆಗೂದಲು ಬೆಳ್ಳಗಾಗುವವರೆಗೆ ಕೂತು ಮಾಡಿದ ಎಂಜಿನ್ನಿಗೆ, ಒಂದು ಪುಟ್ಟ ಉಪಗ್ರಹ ಕಟ್ಟುತ್ತಿದ್ದ ಕಂಪನಿಯವರು ಅದರಲ್ಲಿ ಜಾಗ ಕಾದಿರಿಸಿದ್ದರು. ಷರತ್ತು ಒಂದೇ. ಜರ್ಮನಿಯ ದೊಡ್ಡ ನಿರ್ವಾತ ಟ್ಯಾಂಕಿನಲ್ಲಿ ಅದನ್ನು ಗಂಟೆಗಟ್ಟಲೆ ಉರಿಸಿ, ಪ್ರೋಬಿನ ಅಳತೆ ಕಳಿಸಬೇಕು. ಅಳತೆ ಸಾಕಷ್ಟಿದ್ದರೆ ಎಂಜಿನ್ ಮೇಲೆ ಹೋಗುತ್ತದೆ. ಇಲ್ಲದಿದ್ದರೆ ಆ ಜಾಗಕ್ಕೆ ಬೇರೆಯವರ ಎಂಜಿನ್. ಸಾರ್‌ಗೆ ನಿವೃತ್ತಿ ಹತ್ತಿರವಾಗಿತ್ತು. ಇದು ಹೋಗದಿದ್ದರೆ ಅವರು ಇನ್ನೊಂದನ್ನು ಮಾಡುವಷ್ಟು ಕಾಲ ಇರಲಿಲ್ಲ. ಅದು ನಮ್ಮಿಬ್ಬರಿಗೂ ಗೊತ್ತಿತ್ತು, ಇಬ್ಬರೂ ಆಡುತ್ತಿರಲಿಲ್ಲ.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನನ್ನ ಬಿಸ್ಕತ್ ಡಬ್ಬಿ ತೆಗೆಸಿದರು. ಹತ್ತಿಯ ಮೇಲೆ ಮಲಗಿಸಿದ್ದ ಪ್ರೋಬುಗಳನ್ನು ಕಂಡು ಇದೇನೆಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಸಾರ್ ಮುಂದೆ ಬಂದು, ಪರಮಾಣುವಿನಿಂದ ಶುರುಮಾಡಿ, ಕೈ ಆಡಿಸಿ ಆಡಿಸಿ ಪಾಠ ಹೇಳತೊಡಗಿದರು. ಹಿಂದೆ ಸಾಲು ಬೆಳೆಯಿತು. ಕೊನೆಗೆ ಆ ಅಧಿಕಾರಿ ಡಬ್ಬಿ ಮುಚ್ಚಿ, ಹೋಗಿ ಸಾರ್, ಹೋಗಿ ಎಂದರು, ಕೈಮುಗಿಯುವುದೊಂದು ಬಾಕಿ.

ಆ ಊರು, ಭಾನುವಾರ

ಊರಿನ ಹೆಸರು ಹೇಳಿದರೆ ಯಾರಿಗೂ ಉಪಯೋಗವಿಲ್ಲ. ಸಣ್ಣ ಊರು, ಚಿಕ್ಕಬಳ್ಳಾಪುರದ ಅರ್ಧವಿಲ್ಲ. ನಾವು ಇಳಿದದ್ದು ಭಾನುವಾರ. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಯಾರೋ ದೊಡ್ಡವರು ತೀರಿಕೊಂಡಿರಬೇಕು ಎಂದು ಸಾರ್ ಗಾಬರಿಯಾದರು. ಬಾಡಿಗೆ ಮನೆಯ ಹಿಂದೆ ಗಾಜಿನ ಬಾಟಲಿ ಹಾಕುವ ದೊಡ್ಡ ಪೆಟ್ಟಿಗೆಯಿತ್ತು. ನಾನು ಖಾಲಿ ಬಾಟಲಿಯೊಂದನ್ನು ಅದರೊಳಗೆ ಹಾಕಿದೆ, ಅದು ಠಳ್ ಎಂದಿತು. ಎದುರುಮನೆಯ ಅಜ್ಜಿಯೊಬ್ಬಳು ಕಿಟಕಿ ತೆರೆದು, ಭಾನುವಾರ ಗಾಜು ಹಾಕಬಾರದು, ಇವತ್ತು ಎಲ್ಲರೂ ಸುಮ್ಮನಿರುವ ದಿನ ಎಂದು ಗದರಿದಳು. ನಾನು ತೆರೆದ ಬಾಯಿ ಮುಚ್ಚಲಿಲ್ಲ. ನಮ್ಮಲ್ಲಿ ಭಾನುವಾರ ಮೈಕು ಹಾಕದಿದ್ದರೆ ಅದೇ ಅಪರಾಧ.

ಟ್ಯಾಂಕು ಇದ್ದ ಸಂಸ್ಥೆಯಲ್ಲಿ ನಮಗೆ ಜೊತೆಯಾದವರು ಉಟೆ. ಐವತ್ತು ದಾಟಿದ ಹೆಂಗಸು, ಗಂಡಸರ ಹಾಗೆ ಕತ್ತರಿಸಿದ ಕೂದಲು, ಸೈಕಲ್ಲಿನಲ್ಲಿ ಬರುತ್ತಿದ್ದರು. ಪ್ಲಾಸ್ಮಾ ಅಳೆಯುವುದರಲ್ಲಿ ನನ್ನ ವಯಸ್ಸಿನಷ್ಟು ಅನುಭವ. ನನ್ನನ್ನು ಬರೀ ಉಟೆ ಎನ್ನಿ ಎಂದರು. ನನಗೆ ನಾಲಿಗೆ ಹೊರಳಲಿಲ್ಲ, ಮೇಡಂ ಎಂದೇ ಕರೆದೆ. ಸಾರ್ ಎರಡನೆಯ ದಿನವೇ ಉಟಮ್ಮ ಮಾಡಿಬಿಟ್ಟರು. ಅವರು ಅದೇನೆಂದು ಕೇಳಿ ತಿಳಿದುಕೊಂಡು, ಆಗಬಹುದು ಎಂದರು.

ಮೊದಲ ಬೆಳಿಗ್ಗೆ ಉಟೆ ಕಾಫಿ ಬೇಕೆ ಎಂದು ಕೇಳಿದರು. ಸಾರ್ ಮರ್ಯಾದೆಗೆ, ಅಯ್ಯೋ ಬೇಡಿ ಬೇಡಿ, ತೊಂದರೆ ಯಾಕೆ ಎಂದರು. ಉಟೆ ಸರಿ ಎಂದು ತಮಗೊಂದು ಲೋಟ ತಂದುಕೊಂಡು ಎದುರಿಗೇ ಕೂತು ಕುಡಿದರು. ಸಾರ್ ಮುಖ ನೋಡಬೇಕಿತ್ತು! ಬೆಳಗಿನ ಕಾಫಿಯಿಲ್ಲದೆ ಮಧ್ಯಾಹ್ನದವರೆಗೆ ತಲೆನೋವು ಹೊತ್ತು ಓಡಾಡಿದರು. ನಮ್ಮಲ್ಲಿ ಮೂರು ಸಲ ಕೇಳಿದರೆ ಒಂದು ಸಲ ಕೇಳಿದಂತೆ, ಮೊದಲನೆಯ ಬೇಡ ಎಂಬುದಕ್ಕೆ ಬೆಲೆಯೇ ಇಲ್ಲ. ಅಲ್ಲಿಯವರು ಒಂದೇ ಸಲ ಕೇಳುತ್ತಾರೆ, ಒಂದೇ ಸಲ ಹೇಳುತ್ತಾರೆ. ಇದು ಬರೀ ಕಾಫಿಯ ವಿಷಯ ಎಂದುಕೊಂಡು ನಾನು ನಕ್ಕೆ.

ಟ್ಯಾಂಕಿನ ಮುಂದೆ

ಆ ಟ್ಯಾಂಕು ಕಂಡಾಗ ನಾನು ಮೊದಲು ಅದಕ್ಕೆ ಒಂದು ಸುತ್ತು ಬಂದೆ. ನಮ್ಮ ಶೆಡ್ಡಿನದು ಒಂದು ಗ್ಯಾಸ್ ಗೀಸರಿಗಿಂತ ಸ್ವಲ್ಪ ದೊಡ್ಡದು. ಇದರೊಳಗೆ ಟ್ರ್ಯಾಕ್ಟರ್ ಓಡಿಸಿಕೊಂಡು ಹೋಗಬಹುದು. ಗೋಡೆಗೆಲ್ಲ ಕಪ್ಪು ಗ್ರಾಫೈಟ್ ಹಲಗೆ, ಒಂದು ಬದಿಗೆ ತಲೆ ತೂರಿಸುವಷ್ಟು ಅಗಲದ ಗಾಜಿನ ಕಿಟಕಿ. ಸಾರ್ ಬಾಗಿಲಲ್ಲಿ ಚಪ್ಪಲಿ ಬಿಡಲು ಹೋದರು. ಚಪ್ಪಲಿಯ ಮೇಲೇ ಹಾಕಿಕೊಳ್ಳುವ ಚೀಲ ಕೊಟ್ಟು ಉಟೆ ತಡೆದರು.

ಎಂಜಿನ್ ಕೂರಿಸಿದ ಮೇಲೆ ನಾನು ಪ್ರೋಬನ್ನು ಟ್ಯಾಂಕಿನೊಳಗಿನ ತಿರುಗುವ ತೋಳಿಗೆ ಕಟ್ಟಿದೆ. ಪಿಂಗಾಣಿ ಕೊಳವೆಯ ಬಾಯಲ್ಲಿ ತಂತಿ ಅಲುಗಾಡದ ಹಾಗೆ ಬಿಗಿಯಬೇಕು. ನಾವು ಶೆಡ್ಡಿನಲ್ಲಿ ಅದಕ್ಕೆ ರೇಷ್ಮೆ ದಾರ ಸುತ್ತುತ್ತೇವೆ. ನಮ್ಮ ಮಾವನವರ ನೂಲು ಬಿಚ್ಚುವ ಘಟಕದಿಂದ ನಾನೇ ತರುವ ದಾರ. ಕರೆಂಟು ಹರಿಯುವುದಿಲ್ಲ, ಜಾರುವುದಿಲ್ಲ, ಕೂದಲಿಗಿಂತ ಸಣ್ಣ ಗಂಟು ಬೀಳುತ್ತದೆ. ಹಿಂದಿನ ಕಾಲದ ತಂತಿ ಸುರುಳಿಗಳಿಗೂ ರೇಷ್ಮೆಯನ್ನೇ ಸುತ್ತುತ್ತಿದ್ದರಂತೆ. ಶಿಡ್ಲಘಟ್ಟ ತಾಲ್ಲೂಕಿನವಳಲ್ಲದೆ ಇನ್ಯಾರಿಗೆ ಇದು ಹೊಳೆಯಬೇಕು ಎಂದು ನನಗೆ ಒಳಗೊಳಗೇ ಜಂಬ. ಉಟೆ ಆ ಗಂಟನ್ನು ಬಹಳ ಹೊತ್ತು ನೋಡಿದರು. ಇದು ಬಿಸಿ ತಡೆಯುತ್ತದೆಯೇ ಎಂದು ಕೇಳಿದರು. ನಮ್ಮಲ್ಲಿ ಯಾವಾಗಲೂ ತಡೆದಿದೆ ಎಂದೆ. ಪ್ರೋಬ್ ನಿಮ್ಮದು, ತೀರ್ಮಾನವೂ ನಿಮ್ಮದು ಎಂದು ಹೇಳಿ ಅವರು ಬಾಗಿಲು ಮುಚ್ಚಿಸಿದರು.

ಗಾಳಿ ಹೊರಹೋಗುವುದಕ್ಕೇ ಒಂದು ದಿನ ಹಿಡಿಯಿತು. ಎಂಜಿನ್ ಹೊತ್ತಿಕೊಂಡಾಗ ಕಿಟಕಿಯಲ್ಲಿ ನೀಲಿ ಬೆಳಕು ಬಂತು, ಸಾರ್ ನೋಡಲಿಲ್ಲ. ಅವರ ಕಣ್ಣು ಮೀಟರಿನ ಮೇಲೆ. ಮೊದಲು ಅಳತೆ ಸಾಧಾರಣವಾಗಿತ್ತು, ನಮಗೆ ಬೇಕಾದದ್ದರ ಅರ್ಧಕ್ಕೂ ಕಡಿಮೆ. ಮಧ್ಯಾಹ್ನದ ಹೊತ್ತಿಗೆ ಅದು ಏರತೊಡಗಿತು. ಎಂಜಿನ್ ಬಿಸಿಯಾಗುತ್ತಿದೆ, ಬಿಸಿಯಾದ ಮೇಲೆ ನಮ್ಮ ಬೈಕುಗಳೂ ಸರಿಯಾಗಿ ಎಳೆಯುವುದಿಲ್ಲವೇ ಎಂದರು ಸಾರ್. ಅಷ್ಟರಲ್ಲಿ ಇಡೀ ಕಟ್ಟಡದ ಜನ ಎದ್ದು, ಕಾರಿಡಾರಿನಲ್ಲಿ ಎದುರಾದವರಿಗೆಲ್ಲ ‘ಊಟದ ಹೊತ್ತು’ ಎಂಬ ಅರ್ಥದ ಒಂದು ಮಾತು ಹೇಳುತ್ತಾ ಕ್ಯಾಂಟೀನಿಗೆ ನಡೆದರು. ಉಟೆಯೂ ಹೋದರು. ನಾವು ಕದಲಲಿಲ್ಲ. ಅವರು ತಿರುಗಿ ಬರುವಷ್ಟರಲ್ಲಿ ಅಳತೆ ಬೇಕಾದಷ್ಟು ಮುಟ್ಟಿ, ಅದನ್ನು ದಾಟಿ, ಇನ್ನೂ ಮೇಲೆ ಹೋಗಿತ್ತು.

ಸಾರ್ ನನ್ನ ಎರಡೂ ಕೈ ಹಿಡಿದುಕೊಂಡು, ಗೆದ್ವಮ್ಮ ಎಂದರು. ನನಗೆ ಅಳು ಬಂತು. ಅವರು ಕಾರಿಡಾರಿಗೆ ಓಡಿ ಊರಿಗೆ ಫೋನು ಹಚ್ಚಿದರು.

ಚಿಂತಾಮಣಿ ಸರ್ಕಲ್ಲು, ಫೋನಿನಲ್ಲಿ

ಮರುದಿನ ಬೆಳಿಗ್ಗೆ ಸಾರ್ ಫೋನಿಗೆ ಒಂದು ಫೋಟೋ ಬಂದಿತ್ತು. ಚಿಂತಾಮಣಿಯ ಸರ್ಕಲ್ಲಿನಲ್ಲಿ ಒಂದು ಭಾರಿ ಫ್ಲೆಕ್ಸು. ನಡುವೆ ಸಾರ್, ತಲೆಯ ಹಿಂದೆ ಭೂಮಿ, ಕೆಳಗೆ ‘ಅಂತರಿಕ್ಷ ಕೇಸರಿ’ ಎಂಬ ಬಿರುದು. ಪಕ್ಕದಲ್ಲಿ ಪುಟ್ಟದಾಗಿ ನಾನು. ನಮ್ಮ ಮೈದುನನ ಮದುವೆಯ ಫೋಟೋದಿಂದ ನನ್ನನ್ನು ಕತ್ತರಿಸಿ ತೆಗೆದಿದ್ದರು. ನೆತ್ತಿಬೊಟ್ಟು, ಕಾಸಿನ ಸರ, ಜೊತೆಗೆ ಬೇರೆ ಯಾರದೋ ಭುಜ. ಸುತ್ತ ನನಗೆ ಪರಿಚಯವೇ ಇಲ್ಲದ ಇಪ್ಪತ್ತು ಮುಖಗಳು ನಗುತ್ತಾ ಅಭಿನಂದಿಸುತ್ತಿದ್ದವು. ಇದೆಲ್ಲ ಸಾರ್ ತಮ್ಮನ ಮಗ ಮಂಜುನಾಥನ ಉತ್ಸಾಹ. ಊರಿನ ಶಾಲೆಯಲ್ಲಿ ಲಾಡು ಹಂಚಿದ್ದೂ ಆಗಿತ್ತು.

ಸಾರ್ ಬಯ್ಯುವ ಹಾಗೆ ನಟಿಸಿದರೂ ಖುಷಿ ಮುಚ್ಚಿಡಲು ಬರಲಿಲ್ಲ. ಉಟೆಗೂ ತೋರಿಸಿದರು. ಅವರು ಕನ್ನಡಕ ಹಾಕಿಕೊಂಡು ನೋಡಿ, ನೀವು ಚುನಾವಣೆಗೆ ನಿಂತಿದ್ದೀರಾ ಎಂದು ಕೇಳಿದರು. ಅಲ್ಲವೆಂದು ವಿವರಿಸಿದಾಗ ಅವರ ಮುಖ ಬಿಳಿಚಿಕೊಂಡಿತು. ಅವರ ಕಡೆ ಹುಟ್ಟುಹಬ್ಬದ ಶುಭಾಶಯವನ್ನು ಒಂದು ದಿನ ಮೊದಲು ಹೇಳಿದರೂ ಕೆಡುಕಂತೆ. ಆಗದ ಕೆಲಸಕ್ಕೆ ಯಾರೂ ಅಭಿನಂದನೆ ಹೇಳುವುದಿಲ್ಲವಂತೆ. ಶಕುನ ಗಿಕುನ ಎಲ್ಲ ನಮ್ಮ ಸೊತ್ತು ಎಂದುಕೊಂಡಿದ್ದ ನನಗೆ ಇದು ಹೊಸದು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಮಾತನ್ನು ನಾವು ಮಾಡಿಟ್ಟುಕೊಂಡಿದ್ದೇವೆ, ಅವರು ಪಾಲಿಸುತ್ತಾರೆ.

ಆಮೇಲೆ ಉಟೆ ಕನ್ನಡಕ ತೆಗೆದು ಹೇಳಿದರು.

“ಇದನ್ನು ನಿನ್ನೆಯೇ ಹೇಳಬೇಕಿತ್ತು. ನಿಮ್ಮ ಸಂಖ್ಯೆಯನ್ನು ನಾನು ನಂಬುವುದಿಲ್ಲ.”

ಯಾರೋ ಕೆನ್ನೆಗೆ ಹೊಡೆದಂತಾಯಿತು. ನಮ್ಮಲ್ಲಾದರೆ ಇನ್ನೊಮ್ಮೆ ನೋಡಿಬಿಡೋಣವಾ ಮೇಡಂ ಎನ್ನುತ್ತಾರೆ, ಅದರ ಅರ್ಥ ನಿನ್ನದು ತಪ್ಪು ಎಂದು ಎಲ್ಲರಿಗೂ ತಿಳಿಯುತ್ತದೆ. ಮುಖಕ್ಕೆ ಮುಖ ಕೊಟ್ಟು ನಂಬುವುದಿಲ್ಲ ಎಂದು ನನ್ನ ಜೀವಮಾನದಲ್ಲಿ ಯಾರೂ ಹೇಳಿರಲಿಲ್ಲ. ಸಾರ್ ಕೋಪದಿಂದ ಏಕೆ ಎಂದರು. ಉಟೆ ಬಿಳಿ ಹಲಗೆಯ ಹತ್ತಿರ ಹೋಗಿ ಎರಡೇ ಸಾಲು ಬರೆದರು. ಎಂಜಿನ್ನಿಗೆ ಒಳಗೆ ಬಿಟ್ಟ ಝೆನಾನ್ ಇಷ್ಟು. ನನ್ನ ಪ್ರೋಬಿನ ಪ್ರಕಾರ ಹೊರಗೆ ಬಂದ ಕಣ ಇಷ್ಟು. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚಿತ್ತು.

ನಾನು ಹಲಗೆಯನ್ನೇ ನೋಡುತ್ತಾ ನಿಂತೆ. ಕರೆದದ್ದಕ್ಕಿಂತ ಹೆಚ್ಚು ಹಾಲು ಕ್ಯಾನಿನಲ್ಲಿದ್ದರೆ ಡೇರಿಯವರು ಏನೆನ್ನುತ್ತಾರೆ? ನೀರು ಬೆರೆತಿದೆ ಎನ್ನುತ್ತಾರೆ. ಅಷ್ಟು ಸರಳ ಲೆಕ್ಕ. ಅದನ್ನು ನಾನೂ ಹಾಕಿರಲಿಲ್ಲ, ಸಾರೂ ಹಾಕಿರಲಿಲ್ಲ. ಬೇಕಾದದ್ದು ಬಂದಾಗ ಲೆಕ್ಕ ಯಾರಿಗೆ ಬೇಕು? ಕೆಲವು ಕಣಗಳು ಎರಡು ಪಟ್ಟು ವಿದ್ಯುತ್ತು ಹೊರುತ್ತವೆ, ಅದರಿಂದ ಸ್ವಲ್ಪ ಹೆಚ್ಚು ಕಾಣಬಹುದು ಎಂದು ತೊದಲಿದೆ. ಇಷ್ಟೊಂದು ಅಲ್ಲ ಎಂದರು ಉಟೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸಮಾಧಾನವೂ ಇರಲಿಲ್ಲ. ಟ್ಯಾಂಕು ತೆರೆದು ನೋಡಬೇಕು ಎಂದು ಗಾಳಿ ಬಿಡಲು ಹೇಳಿದರು.

ಬಾಗಿಲು ತೆಗೆದ ದಿನ

ಆ ದಿನ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಾಗಿಲು ತೆರೆದುಕೊಂಡಿತು. ಒಳಗಿನಿಂದ ಒಂದು ವಾಸನೆ ಬಂತು, ತೀರ ಸಣ್ಣದಾಗಿ. ಅಲ್ಲಿದ್ದ ಬೇರೆ ಯಾರಿಗೂ ಅದು ತಿಳಿಯಲಿಲ್ಲ. ನೂಲು ಬಿಚ್ಚುವವರ ಮನೆಯ ಸೊಸೆಯಾದ ನನಗೆ ಮಾತ್ರ ಗೊತ್ತಾಯಿತು. ಒಲೆಗೆ ಬಿದ್ದ ರೇಷ್ಮೆ ಚಿಂದಿಯ ವಾಸನೆ, ಕೂದಲು ಸುಟ್ಟಂತೆ.

ಪ್ರೋಬಿನ ತುದಿಯಲ್ಲಿ ನಾನು ಸುತ್ತಿದ್ದ ದಾರ ಹಾಗೇ ಇತ್ತು. ಸುತ್ತು ಸುತ್ತಾಗಿ, ಗಂಟು ಸಹ ಬಿಚ್ಚದೆ. ಆದರೆ ಕರ್ರಗೆ ಇದ್ದಲಾಗಿತ್ತು. ಗೋಡೆಯ ಗ್ರಾಫೈಟ್ ಪುಡಿಯೂ ಅದರ ಮೇಲೆ ಮಸಿಯ ಹಾಗೆ ಕೂತಿತ್ತು. ಉಟೆ ಮಲ್ಟಿಮೀಟರಿನ ಒಂದು ಮೊನೆಯನ್ನು ತಂತಿಗೆ, ಇನ್ನೊಂದನ್ನು ದಾರಕ್ಕೆ ಮುಟ್ಟಿಸಿದರು. ಅದು ಕುಯ್ ಎಂದು ಕೂಗಿತು.

ರೇಷ್ಮೆಯಲ್ಲಿ ಕರೆಂಟು ಹರಿಯುವುದಿಲ್ಲ. ಇದ್ದಲಿನಲ್ಲಿ ಹರಿಯುತ್ತದೆ. ಅಕ್ಕಿಕಾಳಿನಷ್ಟಿದ್ದ ನನ್ನ ತುದಿ, ದಾರ ಸುಡುತ್ತಾ ಹೋದ ಹಾಗೆ, ಯಾರಿಗೂ ತಿಳಿಯದಂತೆ ಬೆಳೆದಿತ್ತು. ಹೆಚ್ಚು ಜಾಗದಲ್ಲಿ ಕರೆಂಟು ಹಿಡಿದು, ಎಂಜಿನ್ನಿನ ಉರಿಯೇ ಹೆಚ್ಚಿದೆ ಎಂದು ಹೇಳಿತ್ತು. ನಮ್ಮ ಶೆಡ್ಡಿನಲ್ಲಿ ಕೆಲವೇ ನಿಮಿಷ ಉರಿಸುತ್ತಿದ್ದೆವು, ರೈಲು ಬಂದರೆ ಅದೂ ಇಲ್ಲ. ಅಲ್ಲಿ ದಾರಕ್ಕೆ ಸುಡುವಷ್ಟು ಹೊತ್ತು ಎಂದೂ ಸಿಕ್ಕಿರಲಿಲ್ಲ.

ನೀವು ಕೇಳಿದ್ದಿರಿ, ನಾನು ಅದನ್ನು ಸುಮ್ಮನೆ ಮಾತಿಗೆ ಕೇಳಿದ್ದೆಂದು ತಿಳಿದೆ, ಇನ್ನೆರಡು ಸಲ ಕೇಳಿದ್ದರೆ ಯೋಚಿಸುತ್ತಿದ್ದೆ ಎಂದು ಉಟೆಗೆ ಹೇಳಿದೆ. ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

“ಒಂದು ಸಲ ಕೇಳಿದೆನಲ್ಲ,” ಎಂದರು. “ಮತ್ತೆ ಮತ್ತೆ ಕೇಳಿದರೆ ನಿಮಗೆ ಅವಮಾನವಲ್ಲವೇ?”

ನಮ್ಮಲ್ಲಿ ಕೇಳದಿದ್ದರೆ ಅವಮಾನ. ಒಂದು ಮರ್ಯಾದೆ ಇನ್ನೊಂದು ಮರ್ಯಾದೆಗೆ ಡಿಕ್ಕಿ ಹೊಡೆದು ನಡುವೆ ಸಿಕ್ಕಿದ್ದು ನಾರಾಯಣಸ್ವಾಮಿ ಸಾರ್ ಎಂಜಿನ್ನು. ಉಟೆ ಬಯ್ಯುತ್ತಾರೆ ಎಂದು ಕಾದೆ. ಬಯ್ಯಲಿಲ್ಲ. ನಮ್ಮಲ್ಲಾದರೆ ಇಷ್ಟಕ್ಕೆ ಮೂರು ತಲೆಮಾರು ಎತ್ತಿ ಆಡುತ್ತಿದ್ದರು, ಆಡಿ ಮುಗಿಸಿ ಟೀ ಕುಡಿಸುತ್ತಿದ್ದರು. ಇಲ್ಲಿ ಗಡಿಯಾರ ನೋಡಿ ಊಟಕ್ಕೆ ಎದ್ದರು. ನನಗೆ ಬೈಗುಳವೇ ಮೇಲೆನಿಸಿತು.

ಮಧ್ಯಾಹ್ನ ಉಟೆ ತಮ್ಮ ಬೀರುವಿನಿಂದ ಪಿಂಗಾಣಿಯ ಅಂಟು ತಂದುಕೊಟ್ಟರು. ಎರಡನೆಯ ಪ್ರೋಬನ್ನು ಅದರಿಂದ ಬಿಗಿದು, ಒಣಗಿಸಿ, ತುದಿಯನ್ನು ಸೂಕ್ಷ್ಮದರ್ಶಕದಲ್ಲಿ ಅಳೆದೆ. ಮತ್ತೆ ಗಾಳಿ ತೆಗೆದರು, ಮತ್ತೆ ಉರಿಸಿದೆವು. ಈ ಸಲ ಅಳತೆ ಏರಲೂ ಇಲ್ಲ, ಇಳಿಯಲೂ ಇಲ್ಲ. ಬೆಳಿಗ್ಗೆ ಎಲ್ಲಿತ್ತೋ ಸಂಜೆಗೂ ಅಲ್ಲೇ ಇತ್ತು, ಬೇಕಾದದ್ದರ ಅರ್ಧದ ಕೆಳಗೆ. ಅಷ್ಟು ಅಚ್ಚುಕಟ್ಟಾದ ಅಳತೆಯನ್ನು ನಾನು ನನ್ನ ಕೈಯಾರೆ ಎಂದೂ ಮಾಡಿರಲಿಲ್ಲ.

ಕ್ಯಾಂಟೀನು

ಮರುದಿನ ಆಲೂಗಡ್ಡೆ ಸೂಪಿನ ಮುಂದೆ ಕೂತಿದ್ದೆವು. ಉಟೆ ಅಂದು ಬೆಳಿಗ್ಗೆಯೇ ಅಲ್ಲಿನ ಪದ್ಧತಿ ಹೇಳಿದ್ದರು. ಟ್ಯಾಂಕು ಅವರದು, ಅಳತೆ ನಮ್ಮದು. ಎಂಜಿನ್ ಎಷ್ಟು ಹೊತ್ತು ಉರಿಯಿತು ಎಂದಷ್ಟೇ ಅವರು ಬರೆದುಕೊಡುತ್ತಾರೆ. ಪ್ರೋಬ್ ಏನು ಹೇಳಿತು ಎಂಬುದನ್ನು ಉಪಗ್ರಹದವರಿಗೆ ಕಳಿಸುವವಳು ನಾನು, ಅದಕ್ಕೆ ಹೊಣೆಯೂ ನಾನು. ಅವರು ಯಾರಿಗೂ ಏನೂ ಹೇಳುವುದಿಲ್ಲ, ಕೇಳಿದರೂ ಹೇಳುವುದಿಲ್ಲ. ಇದನ್ನು ಕೇಳಿ ನಾನು ಬೆಚ್ಚಿಬಿದ್ದೆ. ಮುಖದ ಮೇಲೆ ನಂಬುವುದಿಲ್ಲ ಎನ್ನುವವರು ಬೆನ್ನ ಹಿಂದೆ ಒಂದು ಮಾತೂ ಆಡುವುದಿಲ್ಲವೆಂದರೆ!

ಸಾರ್ ಬಹಳ ಹೊತ್ತು ಚಮಚ ಆಡಿಸುತ್ತಿದ್ದರು. ಸೂಪು ತಣ್ಣಗಾಯಿತು. ಆಮೇಲೆ ತಲೆ ಎತ್ತದೆ ಕೇಳಿದರು.

“ಅಮ್ಮಾ, ಮೊದಲನೇದನ್ನೇ ಕಳಿಸಿದ್ರೆ ಏನಾಗುತ್ತೆ?”

ನನಗೆ ಆದ ಆಘಾತವನ್ನು ಹೇಗೆ ಹೇಳಲಿ? ಶೆಡ್ಡಿನಲ್ಲಿ ಒಂದು ಸ್ಕ್ರೂ ಅರ್ಧ ಸುತ್ತು ಸಡಿಲವಿದ್ದರೂ ಇಡೀ ದಿನದ ಕೆಲಸ ಬಿಚ್ಚಿಸುತ್ತಿದ್ದ ಮನುಷ್ಯ. ನನಗೆ ಕೆಲಸ ಕಲಿಸಿದವರು. ಆದರೆ ಅದಕ್ಕಿಂತ ದೊಡ್ಡ ಆಘಾತ ಇನ್ನೊಂದಿತ್ತು. ಅವರು ಕೇಳಿದ ಕ್ಷಣವೇ ನನ್ನ ತಲೆ, ಅದನ್ನು ಹೇಗೆ ಕಳಿಸಬಹುದು ಎಂದು ದಾರಿ ಹುಡುಕತೊಡಗಿತ್ತು. ಏರುವುದಕ್ಕೆ ಮುಂಚಿನ ಭಾಗ ಕತ್ತರಿಸಿಬಿಟ್ಟರೆ ಆಯಿತು. ಒಳಗೆ ಬಿಟ್ಟ ಅನಿಲದ ಲೆಕ್ಕವನ್ನು ಉಪಗ್ರಹದವರು ಕೇಳಿಯೇ ಇಲ್ಲ. ದಾರ ಸುಟ್ಟದ್ದು ನಮ್ಮ ಮೂವರಿಗೆ ಬಿಟ್ಟು ಯಾರಿಗೆ ಗೊತ್ತು? ಸಾರ್ ಇನ್ನೊಂದು ಸಲ ಕೇಳಿದ್ದರೆ ನಾನು ಹೂಂ ಎನ್ನುತ್ತಿದ್ದೆ. ನನ್ನ ಮೇಲೆ ನನಗೆ ಅಷ್ಟು ನಂಬಿಕೆ ಇರಲಿಲ್ಲ.

ಅವರು ಇನ್ನೊಂದು ಸಲ ಕೇಳಲಿಲ್ಲ. ತಟ್ಟೆ ಸರಿಸಿದರು.

“ಬೇಡಮ್ಮ. ಮೇಲೆ ಹೋದ್ಮೇಲೆ ಶಕ್ತಿ ಸಾಲ್ದೆ ನಿಂತ್ರೆ, ಇಳಿದು ತಳ್ಳೋಕೆ ಅದೇನು ಚಿಂತಾಮಣಿ ಬಸ್ಸಾ? ಎರಡನೇದೇ ಕಳ್ಸು.”

ಅವರೆದುರಿಗೇ ಲ್ಯಾಪ್‌ಟಾಪ್ ತೆರೆದು ಎರಡನೆಯ ಅಳತೆ ಕಳಿಸಿದೆ. ಮೊದಲನೆಯದನ್ನೂ, ಅದು ಏಕೆ ತಪ್ಪು ಎಂಬುದನ್ನೂ ಬರೆದೆ. ರೇಷ್ಮೆ ಎಂಬ ಪದ ಟೈಪು ಮಾಡುವಾಗ ಮೈ ಉರಿಯಿತು.

ಆಮೇಲೆ ಸಾರ್ ಮಂಜುನಾಥನಿಗೆ ಫೋನು ಮಾಡಿ ಫ್ಲೆಕ್ಸು ಇಳಿಸು ಎಂದರು. ಅವನು ಒಪ್ಪಲಿಲ್ಲ. ಮೇಲೆ ಹೋಯಿತೋ ಬಿಟ್ಟಿತೋ ಸರ್ಕಲ್ಲಿನಲ್ಲಿ ಯಾರು ಬಂದು ನೋಡುತ್ತಾರೆ, ಹಬ್ಬದವರೆಗೆ ಇರಲಿ ದೊಡ್ಡಪ್ಪ ಎಂದು ವಾದಿಸಿದ. ಸಾರ್ ತೆಲುಗಿಗೆ ಹೊರಳಿದರು. ನಮ್ಮ ಕಡೆ ಮಾತು ತೆಲುಗಿಗೆ ಹೊರಳಿತೆಂದರೆ ವಿಷಯ ಮನೆಯೊಳಗಿನದು, ವಾದ ಮುಗಿಯಿತು ಎಂದರ್ಥ. ಮಂಜುನಾಥ ಇಳಿಸಿದ. ಬಿಸಾಡಲು ಮನಸ್ಸು ಬಾರದೆ ಹುಲ್ಲಿನ ಬಣವೆಗೆ ಹೊದಿಸಿ, ಮಳೆ ಬಂದರೂ ಚಿಂತೆಯಿಲ್ಲ ಎಂದು ಅದರ ಫೋಟೋ ಕಳಿಸಿದ. ಅಂತರಿಕ್ಷ ಕೇಸರಿಯ ಮೂಗಿನ ಹತ್ತಿರ ಒಂದು ಕರು ಹುಲ್ಲು ಜಗಿಯುತ್ತಿತ್ತು. ಸಾರ್ ಅದನ್ನೂ ಉಟೆಗೆ ತೋರಿಸಿದರು. ಉಟೆ ಮೊದಲ ಸಲ ಬಾಯಿ ತುಂಬ ನಕ್ಕರು.

ಕೊನೆಯ ದಿನ

ಉಪಗ್ರಹದವರ ಉತ್ತರ ಬೇಗ ಬಂತು. ಬಹಳ ಸಭ್ಯವಾಗಿ ಬರೆದಿದ್ದರು. ಅಳತೆಯನ್ನು ಮುಚ್ಚಿಡದೆ ಹೇಳಿದ್ದಕ್ಕೆ ವಂದನೆ, ಜಾಗವನ್ನು ಬೇರೆ ಎಂಜಿನ್ನಿಗೆ ಕೊಡುತ್ತಿದ್ದೇವೆ. ಸಾರ್ ಒಂದು ಸಲ ಓದಿ, ಕನ್ನಡಕ ಒರೆಸಿ, ಇನ್ನೊಂದು ಸಲ ಓದಿದರು. ಹೂಂ ಎಂದರು. ಎಂಜಿನ್ನಿನ ಶಕ್ತಿ ಕಡಿಮೆಯಾದದ್ದಕ್ಕೆ ನನ್ನ ದಾರ ಕಾರಣವಲ್ಲ ಎಂದು ನನಗೆ ಗೊತ್ತು. ಆದರೂ ಅವರಿಗೆ ಒಂದು ದಿನದ ಮಟ್ಟಿಗೆ ಗೆಲುವು ಕೊಟ್ಟು ಕಿತ್ತುಕೊಂಡದ್ದು ಆ ದಾರವೇ. ಅದು ಇಂದಿಗೂ ನನ್ನನ್ನು ಕುಟುಕುತ್ತದೆ.

ಟ್ಯಾಂಕು ನಮ್ಮ ಹೆಸರಿನಲ್ಲಿ ಇನ್ನೂ ಅರ್ಧ ದಿನ ಇತ್ತು. ಅನಿಲವೂ ಉಳಿದಿತ್ತು. ಎಲ್ಲ ಬಿಚ್ಚಿ ಪೆಟ್ಟಿಗೆಗೆ ಹಾಕೋಣವೇ ಎಂದು ಉಟೆ ಕೇಳಿದರು. ಸಾರ್ ಆ ದೊಡ್ಡ ಕಿಟಕಿಯ ಹತ್ತಿರ ಹೋಗಿ ನಿಂತರು. ಅಷ್ಟು ದಿನದಲ್ಲಿ ಅವರು ಅಲ್ಲಿಗೆ ಹೋದದ್ದು ಅದೇ ಮೊದಲು. ನಮ್ಮ ಶೆಡ್ಡಿನ ಟ್ಯಾಂಕಿಗೆ ಇರುವುದು ಹಳೆಯ ಎಂಟಾಣೆಯಗಲದ ಕಿಟಕಿ, ಅದರಲ್ಲಿ ಕಾಣುವುದು ನೀಲಿಯ ಒಂದು ಚುಕ್ಕೆ. ಇಲ್ಲಿ ಉರಿಯುತ್ತಿದ್ದಾಗ ಅವರು ಮೀಟರು ಬಿಟ್ಟು ಕದಲಿರಲಿಲ್ಲ.

“ಒಂದ್ಸಲ ಹಚ್ಚಿ ಉಟಮ್ಮ,” ಎಂದರು. “ಸುಮ್ನೆ. ನೋಡ್ಬೇಕು.”

ನಾನು ಪ್ರೋಬಿನ ತೋಳನ್ನು ಉರಿಯ ದಾರಿಯಿಂದ ದೂರ ತಿರುಗಿಸಿ ನಿಲ್ಲಿಸಿದೆ. ಮೀಟರಿನ ಪರದೆಯನ್ನೂ ಆರಿಸಿದೆ. ಉಟೆ ಕರೆಂಟು ಕೊಟ್ಟರು.

ಮೊದಲು ಒಂದು ಮಿಣುಕು. ಆಮೇಲೆ ಎಂಜಿನ್ನಿನ ಬಾಯಲ್ಲಿ ಉಂಗುರದ ಹಾಗೆ ಬೆಳಕು ಕೂಡಿಕೊಂಡು, ನೀಲಿ ಉರಿ ಟ್ಯಾಂಕಿನ ಆಚೆ ಗೋಡೆಯವರೆಗೆ ನೀಳವಾಗಿ ಹರಡಿತು. ಸದ್ದಿಲ್ಲ, ಹೊಗೆಯಿಲ್ಲ. ಇಷ್ಟು ವರ್ಷ ನಾನು ಅದರೊಳಗೆ ಕಡ್ಡಿ ಇಟ್ಟಿದ್ದೇನೆ, ಅದು ಇಷ್ಟು ಚೆಂದವಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಸಾರ್ ಗಾಜಿಗೆ ಹಣೆ ತಾಗಿಸಿ ನೋಡುತ್ತಿದ್ದರು. ಅವರ ಬಿಳಿ ಗಡ್ಡವೆಲ್ಲ ನೀಲಿಯಾಗಿತ್ತು. ಕಣ್ಣಿಂದ ನೀರು ಹರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನೂ ಅತ್ತೆ.

ನಾವು ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ ಗೊತ್ತಿಲ್ಲ. ಕೊನೆಗೆ ಸಾರ್ ಗಾಜಿನ ಮೇಲೆ ಅಂಗೈ ಇಟ್ಟು, ಮನೆಯ ಮಾತಿನಲ್ಲಿ, ಮೆಲ್ಲಗೆ ಹೇಳಿದರು.

“ಚಾಲು ತಲ್ಲೀ. ಇಂಕ ಪಡುಕೋ.”

ಉಟೆ ನನ್ನ ಕಡೆ ತಿರುಗಿ, ಅವರು ಏನು ಹೇಳಿದರು ಎಂದು ಕೇಳಿದರು. ಸಾಕು ತಾಯಿ, ಇನ್ನು ಮಲಗಿಕೋ ಎಂದರು, ಎಂದೆ. ನನಗೆ ಹೇಳಿದ್ದಾ, ನಿಮಗೆ ಹೇಳಿದ್ದಾ ಎಂದು ಉಟೆ ಮತ್ತೆ ಕೇಳಿದರು. ನಾನು ಕಿಟಕಿಯ ಕಡೆ ಕೈ ತೋರಿಸಿದೆ. ಅವರು ಆ ಉರಿಯನ್ನು ಒಂದು ಗಳಿಗೆ ನೋಡಿ, ಕೈ ಚಾಚಿ ಅನಿಲದ ತಿರುಪನ್ನು ಬಹಳ ನಿಧಾನವಾಗಿ ಮುಚ್ಚಿದರು.